ನಾಯಿಗಳ ಜೊತೆ ಗದಗಿನಿಂದ ಡೋಣಿಗೆ

ಬೇಸಿಗೆಯಲ್ಲಿ ಗದಗ ಸೀಮೆಯಲ್ಲಿ ನಡೆಯಲು ಹೊರಟರೆ ಮನೆಯವರು ಮೊದಲು ಬೇಡ ಅಂತಾರೆ. "ಮಳಿ ಆಗ್ಲಿ, ಹಸರ ಆಗ್ತದ, ಆಗ ಹೋಗ್ರಿ" ಅನ್ನೋದು ಎಲ್ಲರ ಮಾತು. ಆದರೆ ಹೊಲದ ನಡುವೆ ನಡೆಯುವವರಿಗೆ ಬೇಸಿಗೆಯೇ ಸರಿಯಾದ ಕಾಲ. ಮಳೆ ಬಿದ್ದರೆ ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟ. ಬೆಳೆ ನಿಂತಾಗ ಬದು ಬಿಟ್ಟು ಬೇರೆ ಕಡೆ ಕಾಲಿಡುವ ಹಾಗಿಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬೆ ಎಲ್ಲ ರಾಶಿಯಾಗಿ ಮನೆ ಸೇರಿದ ಮೇಲೆ ಹೊಲಗಳು ಖಾಲಿ. ಯುಗಾದಿಯಿಂದ ರೋಹಿಣಿ ಮಳೆವರೆಗೆ ಯಾವ ಹೊಲ ದಾಟಿದರೂ ಯಾರೂ ಬೈಯೋದಿಲ್ಲ. ನಾಯಿಗಳಿದ್ದರಂತೂ ಇದು ದೊಡ್ಡ ಅನುಕೂಲ.

ಬಿಸಿಲಿನ ಲೆಕ್ಕ ಮಾತ್ರ ಸರಿಯಾಗಿ ಇಟ್ಟುಕೊಳ್ಳಬೇಕು. ಆ ಲೆಕ್ಕವನ್ನು ನಾವು ನಾಯಿಗಳಿಗೇ ಬಿಟ್ಟೆವು. ಅವು ನಡೆಯಬಲ್ಲ ಹೊತ್ತಿನಲ್ಲಿ ನಡೆಯೋದು, ಅವಕ್ಕೆ ನೆರಳು ನೀರು ಸಿಗುವ ಕಡೆ ನಿಲ್ಲೋದು. ಮನುಷ್ಯ ಟೊಪ್ಪಿಗೆ ಹಾಕಿಕೊಂಡು, ಬೆವರು ಒರೆಸಿಕೊಂಡು ಹನ್ನೊಂದರವರೆಗೂ ನಡೆದಾನು. ನಾಯಿಗೆ ಮೈ ಬೆವರೋದಿಲ್ಲ. ಅಂಗಾಲಿನಲ್ಲಿ ಮಾತ್ರ ಸ್ವಲ್ಪ. ನಾಲಿಗೆ ಚಾಚಿ ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ದಾರಿ. ಸುತ್ತಲಿನ ಗಾಳಿಯೇ ಬಿಸಿಯಾದಾಗ ಆ ದಾರಿಯೂ ಸಾಲೋದಿಲ್ಲ.

ಗದಗಿನಿಂದ ಲಕ್ಕುಂಡಿ, ದಂಬಳದ ಮೇಲೆ ಹಾದು ಕಪ್ಪತಗುಡ್ಡದ ಬುಡದ ಡೋಣಿ ಊರಿಗೆ ಹೊರಟ ನಾವು ನಾಲ್ವರು ಧಾರವಾಡದಲ್ಲಿ ಒಟ್ಟಿಗೆ ಓದಿದವರು. ಒಬ್ಬ ಪಶುವೈದ್ಯ, ಎಲ್ಲರಿಗೂ ಡಾಕ್ಟರ್. ಒಬ್ಬ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಒಬ್ಬಳು ಪ್ರಾಥಮಿಕ ಶಾಲೆಯಲ್ಲಿದ್ದಾಳೆ, ಮಕ್ಕಳು ಕರೆಯುವಂತೆ ನಾವೂ ಅವಳನ್ನು ಅಕ್ಕೋರು ಅಂತೀವಿ. ನಾಲ್ಕನೆಯವನು ನಾನು. ನಾಯಿಗಳು ಮೂರು. ಡಾಕ್ಟರನ ಮೋತಿ ಮುಧೋಳ ತಳಿಯವಳು, ಉದ್ದ ಕಾಲು, ಒಣಗಿದ ಹೊಟ್ಟೆ, ಕಣ್ಣು ಯಾವಾಗಲೂ ದೂರದಲ್ಲಿ. ಅಕ್ಕೋರ ರಾಣಿ ಲ್ಯಾಬ್ರಡಾರ್, ಮುಖ ಬೆಳ್ಳಗಾಗುತ್ತಿದೆ. ನಮ್ಮ ಮನೆಯ ಕಾಳ್ಯಾ ಬೀದಿಯಿಂದ ಬಂದವನು. ಮೂರಕ್ಕೂ ರೇಬೀಸ್ ಚುಚ್ಚುಮದ್ದು ಆಗಿತ್ತು. ಮಾಸ್ತರನ ತಮ್ಮ ಪಿಕಪ್ ಗಾಡಿಯಲ್ಲಿ ಸಾಮಾನು ಮತ್ತು ನೀರಿನ ಕ್ಯಾನು ಹೇರಿಕೊಂಡು ಮುಂದಿನ ಊರಿನಲ್ಲಿ ಸಿಗುವುದು ಅಂತ ಮಾತಾಗಿತ್ತು.

ಗುರುವಾರ, ಗದಗ

ಇಳಿಹೊತ್ತಿಗೆ ಧಾರವಾಡ ಬಿಟ್ಟೆವು. ಹುಬ್ಬಳ್ಳಿ ದಾಟಿ, ಅಣ್ಣಿಗೇರಿ ದಾಟಿ ಗದಗ. ಗಾಡಿಯ ಹಿಂಭಾಗಕ್ಕೆ ತಾಡಪತ್ರಿ ಕಟ್ಟಿ, ಕೆಳಗೆ ತೋಯಿಸಿದ ಗೋಣಿಚೀಲ ಹಾಸಿದ್ದೆವು. ಅಣ್ಣಿಗೇರಿ ಬರುವಷ್ಟರಲ್ಲಿ ಮೂರೂ ಮಲಗಿದ್ದವು.

ಬೆಟಗೇರಿಯಲ್ಲಿ ಮಾಸ್ತರನ ಸೋದರತ್ತೆಯ ಮನೆಯಲ್ಲಿ ವಸ್ತಿ. ಗದಗಿಗೆ ಬಂದು ಬದನೆಕಾಯಿ ಬಜ್ಜಿ ತಿನ್ನದೆ ಮಲಗೋದು ಸಾಧ್ಯವಿಲ್ಲ. ಬಜ್ಜಿ, ಗಿರ್ಮಿಟ್, ಮೇಲೆ ಚಹಾ. ಆಮೇಲೆ ವೀರನಾರಾಯಣ ಗುಡಿಯ ಕಡೆ ಹೋದೆವು. ಕುಮಾರವ್ಯಾಸ ಅಲ್ಲಿ ಕೂತು ಭಾರತ ಬರೆದ ಅಂತ ತೋರಿಸುವ ಕಂಬ ಇದೆ. ಮಿಂದು ಬಂದ ಒದ್ದೆ ಬಟ್ಟೆ ಮೈಮೇಲೆ ಆರುವವರೆಗೆ ಪದ್ಯ ಹರಿಯುತ್ತಿತ್ತು ಅನ್ನೋದು ಊರಿನ ನಂಬಿಕೆ. ನಾಯಿಗಳನ್ನು ಹಿಡಿದು ನಾನು, ಮಾಸ್ತರ ಹೊರಗೆ ರಸ್ತೆಯಂಚಿನಲ್ಲಿ ನಿಂತಿದ್ದೆವು. ಆಗ ಮಾಸ್ತರ ಒಂದು ಮಾತು ಹೇಳಿದ. ಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆಯುತ್ತೆ, ತಮ್ಮಂದಿರು ಬಿದ್ದರೂ ಅದು ಬೀಳೋದಿಲ್ಲ, ಅದನ್ನು ಬಿಟ್ಟು ಸ್ವರ್ಗ ಬೇಡ ಅಂತಾನೆ ಧರ್ಮರಾಯ. ಆ ಭಾಗ ಗದುಗಿನ ಭಾರತದಲ್ಲಿ ಇಲ್ಲ. ಕುಮಾರವ್ಯಾಸ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. "ನಾರಣಪ್ಪನೇ ಆ ನಾಯಿ ಕಥಿ ಬರೆದಿದ್ರ ಹೆಂಗಿರ್ತಿತ್ತು" ಅಂದ ಮಾಸ್ತರ, ಕುಮಾರವ್ಯಾಸನ ಹೆಸರು ಹಿಡಿದು. ನನಗೂ ಹಾಗೇ ಅನಿಸಿತು. ಕುದುರೆ, ಆನೆ, ಯುದ್ಧ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಬರೆದವನು ಒಂದು ನಾಯಿಯ ನಡಿಗೆಯನ್ನು ಹೇಗೆ ಬರೆಯುತ್ತಿದ್ದನೋ.

ಶುಕ್ರವಾರ, ಲಕ್ಕುಂಡಿಗೆ

ಐದಕ್ಕೆ ಹೊರಟೆವು, ಕತ್ತಲೆ ಇನ್ನೂ ಇತ್ತು. ಅತ್ತೆ ಬುತ್ತಿ ಕಟ್ಟಿಕೊಟ್ಟಿದ್ದರು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ. "ನಾಯಿಗೂ ಅದಾವ, ಖಾರ ಇಲ್ದ ಮೆತ್ತನ್ನ ರೊಟ್ಟಿ ಬ್ಯಾರೆ ಕಟ್ಟೀನಿ" ಅಂತ ಇನ್ನೊಂದು ಗಂಟು ಕೊಟ್ಟರು.

ಗದಗಿನಿಂದ ಲಕ್ಕುಂಡಿ 12 ಕಿಲೋಮೀಟರಿನ ಆಸುಪಾಸು. ಹೆದ್ದಾರಿಯಲ್ಲಿ ಲಾರಿಗಳ ಓಟ. ನಾವು ಊರು ದಾಟಿದ ಕೂಡಲೇ ಚಕ್ಕಡಿ ದಾರಿಗೆ ಇಳಿದೆವು. ಬೆಳಕು ಹರಿದಾಗ ಸುತ್ತ ಕಪ್ಪು ಹೊಲ. ಕೆಲವು ಹೊಲ ಆಗಲೇ ಉತ್ತು ಹೆಂಟೆ ಬಿದ್ದಿದ್ದವು. ಉಳದ ಹೊಲದಲ್ಲಿ ನೆಲ ಬಾಯಿ ಬಿಟ್ಟಿತ್ತು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ, ಆಗ ಈ ಬಿರುಕು. ಕೈ ಹಾಕಿದರೆ ಮುಂಗೈವರೆಗೆ ಇಳಿಯುತ್ತೆ. ಕಾಳ್ಯಾ ಒಂದೊಂದು ಬಿರುಕಿಗೂ ಮೂಗು ತೂರಿಸಿ, ಜೋರಾಗಿ ಉಸಿರೆಳೆದು, ಮುಂದಿನದಕ್ಕೆ ಹೋಗುತ್ತಿದ್ದ. ಇಲಿಯ ವಾಸನೆ ಇರಬೇಕು. ಹಾವೂ ಅಲ್ಲೇ ತಂಪಿಗೆ ಸೇರಿರುತ್ತೆ ಅಂತ ಡಾಕ್ಟರ್ ಹಗ್ಗ ಗಿಡ್ಡ ಮಾಡಿಸಿದ.

ಟಿಟ್ಟಿಭದ ಜೋಡಿಯೊಂದು ತಲೆ ಮೇಲೆ ಸುತ್ತಿ ಸುತ್ತಿ ಕೂಗತೊಡಗಿತು. ಬೇಸಿಗೆಯಲ್ಲಿ ಅವು ಬಯಲಲ್ಲಿ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಹೆಂಟೆಯ ಬಣ್ಣದ ಮೊಟ್ಟೆ, ಪಕ್ಕದಲ್ಲಿ ನಿಂತರೂ ಕಾಣೋದಿಲ್ಲ. ನಾವು ದಾರಿ ಬಿಟ್ಟು ಆ ಹೊಲವನ್ನು ಬಳಸಿ ಹೋದೆವು. ಹೊಲ ಖಾಲಿ ಅಂತ ನಾಯಿ ಬಿಚ್ಚಿ ಬಿಡುವವರು ಇದನ್ನು ನೋಡಬೇಕು. ಬೆಳೆ ಇಲ್ಲದ ಹೊಲವೂ ಖಾಲಿ ಇರೋದಿಲ್ಲ.

ಏಳೂವರೆಗೆ ಒಂದು ಕೃಷಿಹೊಂಡ ಸಿಕ್ಕಿತು. ತಳದಲ್ಲಿ ಹಸಿರು ನೀರು. ರಾಣಿ ನೀರು ಕಂಡು ಜಗ್ಗಿದಳು. ಅಕ್ಕೋರು ಬಿಡಲಿಲ್ಲ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನುಣುಪು. ಇಳಿದ ನಾಯಿಗೆ ಉಗುರು ಊರಲು ಏನೂ ಸಿಗೋದಿಲ್ಲ, ಮೇಲೆ ಬರಲು ಆಗದೆ ಈಜಿ ಈಜಿ ಸೋಲುತ್ತೆ. ಕರು, ಮೇಕೆ, ಮಕ್ಕಳಿಗೂ ಇದೇ ಅಪಾಯ. ಸುತ್ತ ಬೇಲಿ ಇರಬೇಕು, ಒಳಗೆ ಒಂದು ಹಗ್ಗದ ಏಣಿಯಾದರೂ ಇಳಿಬಿಟ್ಟಿರಬೇಕು. ಇಲ್ಲಿ ಎರಡೂ ಇರಲಿಲ್ಲ. ಬಕೆಟಿಗೆ ಹಗ್ಗ ಕಟ್ಟಿ ನೀರು ಸೇದಿ ಮೂರರ ಮೈಗೂ ಹಾಕಿದೆವು. ಕುಡಿಯಲು ಕ್ಯಾನಿನ ನೀರು.

ಎಂಟಕ್ಕೆ ಡಾಂಬರು ರಸ್ತೆ ದಾಟುವಾಗ ಡಾಕ್ಟರ್ ಕೈ ತಿರುಗಿಸಿ ಹಿಂಬದಿಯನ್ನು ರಸ್ತೆಗೆ ಒತ್ತಿ ಎಣಿಸತೊಡಗಿದ. ಏಳು ಎಣಿಸುವವರೆಗೆ ಕೈ ಇಡಲು ಆಗದಿದ್ದರೆ ಆ ನೆಲದ ಮೇಲೆ ನಾಯಿ ನಡೆಸಬಾರದು. ಅಂಗಾಲು ಸುಟ್ಟು ಬೊಬ್ಬೆ ಏಳುತ್ತೆ. ಆ ಹೊತ್ತಿಗೆ ಇನ್ನೂ ಇಡಬಹುದಿತ್ತು. ಹತ್ತರ ಮೇಲೆ ಅದೇ ರಸ್ತೆ ಮುಟ್ಟೋಕಾಗಲ್ಲ.

ಲಕ್ಕುಂಡಿ ಹೊರವಲಯದ ಹುಣಸೆ ಮರಗಳ ಕೆಳಗೆ ಎಂಟೂವರೆಗೆ ಕೂತವರು ಸಂಜೆ ನಾಲ್ಕೂವರೆವರೆಗೆ ಏಳಲಿಲ್ಲ. ಬುತ್ತಿ ಬಿಚ್ಚಿದೆವು, ಮಲಗಿದೆವು, ಮತ್ತೆ ಎದ್ದು ಮಾತಾಡಿದೆವು. ಇಂಥ ದೊಡ್ಡ ಮಧ್ಯಾಹ್ನ ನನಗೆ ಹುಡುಗನಾಗಿದ್ದಾಗ ಸಿಕ್ಕಿದ್ದು ಬಿಟ್ಟರೆ ಈಗಲೇ.

ಸಂಜೆ ಊರೊಳಗೆ. ಇಲ್ಲಿ 101 ಗುಡಿ, 101 ಬಾವಿ ಅಂತ ಹೇಳಿಕೆ. ಸ್ಮಾರಕಗಳ ಒಳಗೆ ನಾಯಿ ಒಯ್ಯುವ ಹಾಗಿಲ್ಲ. ಇಬ್ಬರು ಒಳಗೆ, ಇಬ್ಬರು ಹೊರಗೆ. ಬ್ರಹ್ಮ ಜಿನಾಲಯದ ಮುಂದೆ ನಾನು ಕಾಯುವ ಪಾಳಿಯಲ್ಲಿದ್ದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ದಾನಚಿಂತಾಮಣಿ ಅಂತ ಹೆಸರಾದವಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು, ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ, ಓಲೆಯ ಮೇಲೆ ಕೈಯಿಂದ ಬರೆಸಿ. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಮುಗಿಸಿದ. ರನ್ನ ಎಲ್ಲಿಯವನು? ಮುಧೋಳದವನು, ಬಳೆಗಾರರ ಮನೆಯ ಹುಡುಗ. ಮಾಸ್ತರ ಇದನ್ನು ಹೇಳಿ ಮೋತಿಯ ತಲೆ ಸವರಿದ. "ಇಕಿ ಊರಾಂವ" ಅಂದ.

ಮೋತಿಯ ತಳಿಗೆ ಮುಧೋಳದ ಹೆಸರು ಬಂದದ್ದು ಅಲ್ಲಿನ ಘೋರ್ಪಡೆ ದೊರೆಗಳಿಂದ. ಹಳ್ಳಿಗರ ಬಳಿ ಇದ್ದ ಬೇಟೆನಾಯಿಯನ್ನು ಆರಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಇವು ಕಣ್ಣಿನ ನಾಯಿಗಳು. ವಾಸನೆಗಿಂತ ನೋಟ ಮುಂದೆ. ಮೊಲ ಎದ್ದರೆ ಕರೆದರೂ ಕೇಳೋದಿಲ್ಲ. ಮೊಲದ ಬೇಟೆ ಕಾನೂನಿಗೆ ವಿರುದ್ಧ. ಹಾಗಾಗಿ ಮೋತಿಯ ಹಗ್ಗ ದಾರಿಯುದ್ದಕ್ಕೂ ಡಾಕ್ಟರನ ಸೊಂಟಕ್ಕೇ.

ನಮ್ಮ ಕಾಳ್ಯಾನಿಗೆ ಬೇಸರ ಆಗಬಾರದು ಅಂತ ಮಾಸ್ತರ ಅವನಿಗೂ ಒಂದು ಹಿರಿಮೆ ಹುಡುಕಿದ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನಲ್ಲಿ ಒಂದು ನಾಯಿಯ ಕಥೆ ಇದೆ. ಕಾಲ 949–50. ನಾಯಿಯ ಹೆಸರು ಕಾಳಿ. ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಕೆತ್ತಿದ ಚಿತ್ರವಿದೆ. ಸಾವಿರ ವರ್ಷದ ಹಿಂದೆ ಕನ್ನಡದವರು ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟರು ಅನ್ನೋದು ನನಗೆ ತುಂಬಾ ಹೆಮ್ಮೆಯ ಸಂಗತಿ.

ನನ್ನ ಪಾಳಿ ಮುಗಿದ ಮೇಲೆ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಹೋದೆ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗೂಡು. ಮೇಲೆ ನಿಂತಾಗ ಮುಖಕ್ಕೆ ಬಡಿಯುತ್ತಿದ್ದ ಬಿಸಿ ಗಾಳಿ ಐದಾರು ಮೆಟ್ಟಿಲು ಇಳಿದರೆ ಇಲ್ಲ. ಕಲ್ಲಿಗೆ ಕೈ ಇಟ್ಟರೆ ತಣ್ಣಗೆ. ದಿನವಿಡೀ ನೆರಳು, ನೀರು ಅಂತಲೇ ಯೋಚಿಸುತ್ತ ಬಂದಿದ್ದೆ. ಹಾಗಾಗಿ ಕೆತ್ತನೆಗಿಂತ ಮೊದಲು ಆ ತಂಪೇ ಮನಸ್ಸಿಗೆ ಹತ್ತಿತು. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಜನರೂ ಮೆಟ್ಟಿಲಿಳಿದು ಅದರ ಹತ್ತಿರ ಹೋಗಲಿ ಅಂತ ಕಟ್ಟಿದ ಬಾವಿ. ಕಾರಿನಲ್ಲಿ ಬಂದಾಗ ಇದನ್ನು ಎಷ್ಟೋ ಸಲ ನೋಡಿದ್ದೆ. ಆದರೆ ಅದು ಯಾಕೆ ಹಾಗಿದೆ ಅಂತ ಮೈಗೆ ತಿಳಿದದ್ದು ನಡೆದು ಬಂದಾಗಲೇ.

ಶನಿವಾರ, ದಂಬಳಕ್ಕೆ

ಲಕ್ಕುಂಡಿಯಿಂದ ತೆಂಕಣಕ್ಕೆ, ಹೊಲದ ದಾರಿ. ಬಲಗಡೆ ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ಮೇಲೆ ಗಾಳಿ ಫ್ಯಾನುಗಳು. ಗುಡ್ಡ ಕಾಣುತ್ತಿದ್ದರೆ ದಾರಿ ಕೇಳುವ ಕೆಲಸವೇ ಇಲ್ಲ.

ಬೆಳಕಾದ ಸ್ವಲ್ಪ ಹೊತ್ತಿಗೆ ಕಾಳ್ಯಾ ಮುಂದಿನ ಎಡಗಾಲು ಎತ್ತಿ ನಿಂತ. ನಡೆ ಅಂದರೆ ಮೂರು ಕಾಲಲ್ಲಿ ಕುಂಟಿ ಮತ್ತೆ ನಿಂತ. ನೆಗ್ಗಿಲು ಮುಳ್ಳು. ಬೇಸಿಗೆಯಲ್ಲಿ ಗಿಡ ಒಣಗಿ ಹೋಗಿರುತ್ತೆ, ಕಾಯಿ ಮಾತ್ರ ದಾರಿಯಲ್ಲಿ ಚೆಲ್ಲಿರುತ್ತೆ. ಹೇಗೆ ಬಿದ್ದರೂ ಒಂದು ಮೊನೆ ಮೇಲೆ. ನಾನು ಅವನ ತಲೆಯನ್ನು ತೋಳಿನ ಸಂದಿಗೆ ಹಿಡಿದುಕೊಂಡೆ. ಡಾಕ್ಟರ್ ಪಾದ ಬಿಡಿಸಿ, ಬೆರಳ ಸಂದಿಯ ಕೂದಲು ಸರಿಸಿ ನೋಡಿದ. ಎರಡು ಮೆತ್ತೆಗಳ ನಡುವೆ ಕಂದು ಕಾಯಿ ಹೂತು ಕೂತಿತ್ತು. ಕಿತ್ತಾಗ ಒಂದು ಮೊನೆ ಒಳಗೇ ಮುರಿಯಿತು. ಚಿಮಟದ ತುದಿಯಿಂದ ಚರ್ಮವನ್ನು ಮೆಲ್ಲಗೆ ಒತ್ತಿದ, ಮೊನೆ ಸ್ವಲ್ಪ ಹೊರಗೆ ಬಂತು, ಹಿಡಿದು ಎಳೆದ. ಒಂದು ಹನಿ ರಕ್ತ. ಕಾಳ್ಯಾ ನನ್ನ ಮುಂಗೈಯನ್ನು ಬಾಯಲ್ಲಿ ಹಿಡಿದಿದ್ದ. ಹಲ್ಲು ತಾಗುತ್ತಿತ್ತು, ಒತ್ತಲಿಲ್ಲ. ಆಮೇಲೆ ತಾನೇ ನೆಕ್ಕಿಕೊಂಡು ಎದ್ದ. ನೀರಿನಿಂದ ತೊಳೆದು ಔಷಧ ಹಚ್ಚಿದ ಡಾಕ್ಟರ್, ಉಳಿದೆರಡರ ಪಾದವನ್ನೂ ನೋಡಿದ. ಅಲ್ಲಿಂದ ಮುಂದೆ ಅರ್ಧ ತಾಸಿಗೊಮ್ಮೆ ನಿಂತು ಹನ್ನೆರಡು ಪಾದ ನೋಡುವುದು ನಿಯಮವಾಯಿತು.

ಮುಂದೆ ಒಂದು ಹೊಲದಲ್ಲಿ ಕುರಿ ಹಿಂಡು ತರುಬಿದ್ದರು. ರಾತ್ರಿ ಹಿಂಡು ಹೊಲದಲ್ಲಿ ಕೂರುತ್ತೆ, ಹಿಕ್ಕೆ ಮತ್ತು ಉಚ್ಚೆ ಮಣ್ಣು ಸೇರಿ ಗೊಬ್ಬರವಾಗುತ್ತೆ. ಹೊಲದವರು ಕುರಿಯವರಿಗೆ ಕಾಳೋ ರೊಕ್ಕವೋ ಕೊಡುತ್ತಾರೆ. ಬೇಸಿಗೆಯಲ್ಲಿ ಈ ಸೀಮೆಯ ತುಂಬಾ ಇದೇ ಕೆಲಸ. ನಾವು ದೂರದಲ್ಲೇ ನಿಂತು ನಾಯಿಗಳನ್ನು ಕಾಲ ಬಳಿ ಕೂರಿಸಿದೆವು. ಅಷ್ಟರಲ್ಲೇ ಹಿಂಡಿನ ನಾಯಿಗಳೆರಡು ಬೊಗಳುತ್ತ ಬಂದವು. ಕುರುಬ ಅಜ್ಜ ಒಂದೇ ಒಂದು ಸಿಳ್ಳು ಹಾಕಿದ. ಎರಡೂ ನಿಂತಲ್ಲೇ ನಿಂತವು.

"ಯಾವೂರ್ರಿ? ಬಿಸಲಾಗ ನಾಯಿ ಕಟ್ಕೊಂಡು ಎಲ್ಲಿಗ್ ಹೊಂಟೀರಿ?"

"ಧಾರವಾಡದವ್ರರೀ ಅಜ್ಜಾರ. ಸುಮ್ನ ನಡಕೋತ ದಂಬಳಕ್ಕ ಹೊಂಟೇವ್ರಿ."

"ನಡಕೋತ?" ಅಜ್ಜ ನಮ್ಮನ್ನು, ನಾಯಿಗಳನ್ನು ನೋಡಿದ. "ಛಲೋ ಆತು. ಕುಂದರ್ರಿ ಒಂದೀಟು."

ಕಂಬಳಿ ಹಾಸಿದ. ಅವನು ಮೊದಲು ಕೇಳಿದ್ದು ಮೋತಿಯ ಬಗ್ಗೆ. "ಇದು ಓಡು ನಾಯಿ. ಕುರಿ ಕಾಯಾಕ ಬರೂದಿಲ್ಲ" ಅಂದ. ಅವನ ನಾಯಿಗಳು ಹಳ್ಳಿ ನಾಯಿಗಳೇ, ಒರಟು ಕೂದಲು, ಅಗಲ ತಲೆ. ರಾತ್ರಿ ತೋಳ ಬಂದರೆ ಎಬ್ಬಿಸೋದು ಅವುಗಳ ಕೆಲಸ. ಮರಿಯಾಗಿದ್ದಾಗಿನಿಂದ ಕುರಿಮರಿಗಳ ಜೊತೆಗೇ ಮಲಗಿಸಿ ಬೆಳೆಸುತ್ತಾರಂತೆ, ಆಗ ಹಿಂಡನ್ನೇ ತನ್ನ ಬಳಗ ಅಂದುಕೊಳ್ಳುತ್ತೆ. "ಹ್ವಾದ ವರ್ಷ ಒಂದು ನಾಯಿ ಸತ್ತು. ಎರಡು ದಿವ್ಸ ನಾ ಉಂಡಿಲ್ರಿ" ಅಂದ. ಡಾಕ್ಟರ್ ಅವನ ನಾಯಿಗಳ ಕಿವಿಯೊಳಗೆ ನೋಡಿದ. ಉಣ್ಣಿ ಗೊಂಚಲುಗಟ್ಟಿ ಕೂತಿದ್ದವು. ಅರ್ಧ ತಾಸು ಕೂತು ಎಲ್ಲ ಕಿತ್ತು ಹಾಕಿದ. ಅಷ್ಟು ಹೊತ್ತೂ ಆ ನಾಯಿ ಅವನ ಮೊಣಕಾಲಿಗೆ ಗದ್ದ ಊರಿ ಅಲ್ಲಾಡದೆ ಕೂತಿತ್ತು.

ಅಜ್ಜನೇ ಒಂದು ಹೊಲದ ಮನೆ ತೋರಿಸಿದ. ಬೋರ್ ಇದೆ, ದೊಡ್ಡ ಬೇವಿನ ಮರ ಇದೆ, ಅಲ್ಲಿಗೆ ಹೋಗಿ ಅಂದ. ಹೊರಡುವ ಹೊತ್ತಿಗೆ ಎಂಟೂವರೆ. ಬಿಸಿಲು ಚುರುಕಾಗಿತ್ತು. ದಾರಿಯಲ್ಲಿ ಅಕ್ಕೋರು ನಿಂತು, "ರಾಣಿ ಯಾಕೋ ಹಿಂದ ಉಳೀತಾಳ" ಅಂದಳು. ತೇಕು ಜೋರಾಗಿತ್ತು, ಜೊಲ್ಲು ಅಂಟಂಟಾಗಿ ದಾರದಂತೆ ಇಳಿಯುತ್ತಿತ್ತು. ಡಾಕ್ಟರ್ ತುಟಿ ಎತ್ತಿ ವಸಡು ನೋಡಿದ, ಮಾಮೂಲಿಗಿಂತ ಕೆಂಪು. ಜ್ವರದ ಕಡ್ಡಿ ಹಾಕಿ ನೋಡಿದಾಗ 103.8. ನಾಯಿಯ ಮೈಶಾಖ ಮಾಮೂಲಿಯಾಗಿ 101ರಿಂದ 102.5 ಡಿಗ್ರಿ ಇರುತ್ತೆ. 104 ದಾಟಿದರೆ ಗಂಡಾಂತರ ಶುರು, 106ಕ್ಕೆ ಜೀವಕ್ಕೇ ಕುತ್ತು. ಜಾಲಿ ಗಿಡದ ನೆರಳಲ್ಲಿ ನಿಲ್ಲಿಸಿ ಹೊಟ್ಟೆ, ತೊಡೆ ಸಂದು, ಪಾದಗಳಿಗೆ ನೀರು ಸುರಿದೆವು. ಮಾಸ್ತರ ಟವೆಲ್ಲಿನಿಂದ ಗಾಳಿ ಬೀಸಿದ. ಒದ್ದೆ ಟವೆಲ್ಲನ್ನು ಮೈಮೇಲೆ ಹೊದಿಸಿ ಬಿಡಬಾರದು ಅಂದ ಡಾಕ್ಟರ್, ಅದು ಬೇಗ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತೆ. ನೀರು ಹಾಕ್ತಾ ಇರಬೇಕು, ಗಾಳಿ ಆಡ್ತಾ ಇರಬೇಕು. ಕುಡಿಯಲು ಸ್ವಲ್ಪ ಸ್ವಲ್ಪವೇ ಕೊಟ್ಟೆವು. ಹತ್ತು ನಿಮಿಷಕ್ಕೆ ತೇಕು ಇಳಿಯಿತು, ಬಾಲ ಅಲ್ಲಾಡಿತು. ಅಕ್ಕೋರು ಅಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ. ಈಗ ರಾಣಿಯ ಕತ್ತಿಗೆ ಮುಖ ಒತ್ತಿಕೊಂಡು ಅತ್ತಳು. ಮಾಸ್ತರನ ತಮ್ಮನಿಗೆ ಫೋನ್ ಮಾಡಿ ಗಾಡಿ ತರಿಸಿದೆವು. ಅಲ್ಲಿಂದ ಹೊಲದ ಮನೆವರೆಗೆ ರಾಣಿ ಗಾಡಿಯಲ್ಲೇ ಬಂದಳು.

ಬೇವಿನ ಮರ ಅಜ್ಜ ಹೇಳಿದ್ದಕ್ಕಿಂತ ದೊಡ್ಡದಿತ್ತು. ಮನೆಯ ಅವ್ವ ನಮ್ಮನ್ನು ಯಾರು ಅಂತ ಕೇಳುವ ಮೊದಲೇ ಚರಗಿಯಲ್ಲಿ ನೀರು ತಂದರು, ನಾಯಿಗಳಿಗೆ ಅಂತ ದನದ ಬಾನಿ ತುಂಬಿಸಿದರು. ಮಧ್ಯಾಹ್ನ ಜೋಳದ ನುಚ್ಚು, ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಕೆಂಪಿಂಡಿ. ಬಿಸಿಲು ದಿನಕ್ಕೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಉಪ್ಪು ಹಾಕದ ಮಜ್ಜಿಗೆಯಲ್ಲಿ ನುಚ್ಚು ಕಲಸಿ ನಾಯಿಗಳಿಗೂ ಬಡಿಸಿದರು. ರೊಕ್ಕ ಕೊಡಲು ಹೋದರೆ ಬೈದರು. "ಮಂದಿ ಬಂದಾರಂತ ಮಾಡೀವಿ, ಖಾನಾವಳಿ ಇಟ್ಟಿಲ್ಲ." ಅವರ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರ್ ನೋಡಿ ಔಷಧ ಬರೆದುಕೊಟ್ಟ. ಅದಕ್ಕೆ ಅವರು ಇನ್ನೊಂದು ಚರಗಿ ಮಜ್ಜಿಗೆ ತಂದರು.

ಐದರ ಮೇಲೆ ಎದ್ದು ಮೆಲ್ಲಗೆ ನಡೆದೆವು. ರಾಣಿ ಗಾಡಿಯಲ್ಲಿ. ಹೊತ್ತು ಮುಳುಗುವಾಗ ದಂಬಳದ ಕೆರೆ ಏರಿ ಹತ್ತಿದೆವು. ಬೇಸಿಗೆಗೆ ನೀರು ಹಿಂದೆ ಸರಿದಿತ್ತು, ಆದರೂ ಬಹಳ ದೊಡ್ಡ ಕೆರೆ. ಇಳಿಜಾರಿನ ಕಡೆ ನೋಡಿಕೊಂಡು ನಾಯಿಗಳನ್ನು ಉದ್ದ ಹಗ್ಗದಲ್ಲಿ ಇಳಿಸಿದೆವು. ಕಾಳ್ಯಾ ಹೊಟ್ಟೆವರೆಗೆ ಇಳಿದು ನಿಂತ. ಮೋತಿ ಪಾದ ತೋಯಿಸಿ ಹಿಂದೆ ಬಂದಳು. ರಾಣಿ ಮಾತ್ರ ನೇರ ಈಜಿದಳು, ತಲೆ ಮೇಲೆತ್ತಿ, ಸುತ್ತು ಹಾಕಿ, ಮತ್ತೆ ಸುತ್ತು ಹಾಕಿ. ಬೆಳಿಗ್ಗೆ ನಮ್ಮನ್ನು ಹೆದರಿಸಿದವಳು ಇವಳೇನಾ ಅನ್ನಿಸಿತು.

ರವಿವಾರ, ದಂಬಳ ಮತ್ತು ಡೋಣಿ

ಬೆಳಿಗ್ಗೆ ನಡಿಗೆ ಇಲ್ಲ. ರಾಣಿಗೆ ವಿಶ್ರಾಂತಿ.

ದೊಡ್ಡಬಸಪ್ಪ ಗುಡಿಯನ್ನು ಮನಸ್ಸು ತಣಿಯುವಷ್ಟು ನೋಡಿದೆವು. 12ನೇ ಶತಮಾನದ ಕಲ್ಯಾಣ ಚಾಲುಕ್ಯರ ಗುಡಿ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಮೂಲೆಯಿಂದ ಮೂಲೆಗೆ ಗೋಡೆ ತಿರುಗುತ್ತಲೇ ಹೋಗುತ್ತೆ, ನೇರ ಗೋಡೆ ಅಂತ ಕಣ್ಣಿಗೆ ಸಿಗೋದೇ ಇಲ್ಲ. ಎಳೆ ಬಿಸಿಲು ಬಿದ್ದಾಗ ಒಂದು ಮಗ್ಗುಲು ಬೆಳಕು, ಪಕ್ಕದ ಮಗ್ಗುಲು ನೆರಳು, ಮತ್ತೆ ಬೆಳಕು. ಇದನ್ನು ನೋಡಬೇಕಾದರೆ ಏಳರಿಂದ ಎಂಟರ ನಡುವೆ ಬರಬೇಕು. ಇದೇ ಊರಿನಲ್ಲಿ 1095ರ ಶಾಸನವಿದೆ, ಬೌದ್ಧರ ತಾರಾದೇವಿಗೆ ಮತ್ತು ವಿಹಾರಕ್ಕೆ ಬಿಟ್ಟ ದತ್ತಿಯದು. ಶೈವ ಗುಡಿ, ಬೌದ್ಧ ವಿಹಾರ, ಆಮೇಲೆ ತೋಂಟದಾರ್ಯ ಮಠ, ಎಲ್ಲವೂ ಈ ಒಂದು ಕೆರೆಯ ಸುತ್ತ.

ಸಂಜೆ ಡೋಣಿಗೆ ನಡೆದೆವು. ಎರೆ ಮುಗಿದು ಕೆಂಪು ಮಸಾರಿ ಮಣ್ಣು ಶುರುವಾಯಿತು, ಆಮೇಲೆ ಕಲ್ಲು. ಗುಡ್ಡ ಹತ್ತಿರ ಬಂತು.

ಸೋಮವಾರ, ಗುಡ್ಡದ ಬುಡ

"ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ನೋಡು" ಅಂತ ನಮ್ಮ ಕಡೆ ಮಾತಿದೆ. ನಾಯಿಗಳನ್ನು ಮೇಲೆ ಒಯ್ಯಲಿಲ್ಲ. ಇದು 2019ರಿಂದ ವನ್ಯಜೀವಿ ಧಾಮ, 244 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ. ಸಾಕುನಾಯಿ ಹೋದರೆ ಬರೀ ಅಟ್ಟಿಸಿಕೊಂಡು ಹೋಗುವುದಷ್ಟೇ ಅಲ್ಲ, ಡಿಸ್ಟೆಂಪರ್, ರೇಬೀಸ್‌ನಂಥ ರೋಗ ತೋಳಗಳಿಗೆ ಹರಡುತ್ತೆ. ನಮ್ಮ ನಾಯಿಗೆ ಚುಚ್ಚುಮದ್ದು ಆಗಿದ್ದರೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಬೆದರಿ ಏಳಲು ಅದು ಹತ್ತಿರ ಸುಳಿದರೇ ಸಾಕು. ನಾಯಿ ಪ್ರೀತಿಸುವವರು ನಾಯಿ ಎಲ್ಲಿ ಬೇಡ ಅನ್ನೋದನ್ನೂ ತಿಳಿದಿರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಕ್ಕೋರು, ಡಾಕ್ಟರ್ ಊರಲ್ಲಿ ಉಳಿದರು. ನಾನು, ಮಾಸ್ತರ ನಸುಕಿನಲ್ಲೇ ಕಪ್ಪತ ಮಲ್ಲಯ್ಯನ ದಾರಿ ಹಿಡಿದೆವು. ಬಾದೆ ಹುಲ್ಲು ಒಣಗಿ ಸೊಂಟದೆತ್ತರ ನಿಂತಿತ್ತು, ಕಾಲಿಗೆ ತಾಗಿದರೆ ನಿಂಬೆಯ ಘಮ. ಒಂದು ಮಗ್ಗುಲು ಪೂರ್ತಿ ಕರ್ರಗೆ ಸುಟ್ಟಿತ್ತು. ಬೇಸಿಗೆಯಲ್ಲಿ ಒಂದು ಬೀಡಿ ಚೂರು ಸಾಕು. ಈ ಗುಡ್ಡವನ್ನು ಉಳಿಸಿಕೊಳ್ಳಲು ಜನ ಎಷ್ಟು ಹೋರಾಡಿದರು ಅನ್ನೋದು ಗದಗಿನವರಿಗೆ ಗೊತ್ತು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಸಾರಿದ್ದನ್ನು ಮರುವರ್ಷ ಸರ್ಕಾರ ಹಿಂದೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಹಳ್ಳಿಯವರು, ಸಾಹಿತಿಗಳು, ವಿದ್ಯಾರ್ಥಿಗಳು ಬೀದಿಗಿಳಿದರು. 2017ರಲ್ಲಿ ಆ ಸ್ಥಾನಮಾನ ಮರಳಿ ಬಂತು. ಡೋಣಿಯ ನಂದಿವೇರಿ ಮಠದವರು ಇಲ್ಲಿನ ಔಷಧಿ ಸಸ್ಯಗಳ ಬಗ್ಗೆ ವರ್ಷಗಳಿಂದ ದನಿ ಎತ್ತುತ್ತ ಬಂದಿದ್ದಾರೆ. ಸುಟ್ಟ ಮಗ್ಗುಲಲ್ಲಿ ಕವಳಿ ಗಿಡದ ಬುಡದಿಂದ ಆಗಲೇ ಚಿಗುರು ಬಂದಿತ್ತು.

ಒಂಬತ್ತಕ್ಕೆ ಕೆಳಗಿಳಿದು ಬಂದಾಗ ಗುಡಿಯ ಕಟ್ಟೆ ಸುತ್ತ ಜನ ನೆರೆದಿದ್ದರು. ಏನೋ ಆಗಿದೆ ಅಂತ ಓಡಿದೆವು. ಡಾಕ್ಟರ್ ಬಂದಾನೆ ಅಂತ ಸುದ್ದಿ ಹಬ್ಬಿ ಊರಿನವರು ತಮ್ಮ ನಾಯಿ, ಮೇಕೆ, ಒಂದು ಕರುವನ್ನೂ ಹಿಡಿದು ತಂದಿದ್ದರು. ಅಕ್ಕೋರು ನೆಲದ ಮೇಲೆ ಕೂತು ಸರದಿ ನೋಡುತ್ತ, ಯಾವ ನಾಯಿಗೆ ರೇಬೀಸ್ ಚುಚ್ಚುಮದ್ದು ಆಗಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಪಟ್ಟಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಕೊಡುವುದು ಅಂತ ಮಾತಾಗಿತ್ತು. ಹುಡುಗನೊಬ್ಬ ಕಂದು ಮರಿಯನ್ನು ಎದೆಗವಚಿ ನಿಂತಿದ್ದ.

"ಇದರ ಹೆಸರು ಏನಪಾ?" ಅಕ್ಕೋರು ಕೇಳಿದಳು.

"ಇನ್ನಾ ಇಟ್ಟಿಲ್ರಿ ಅಕ್ಕೋರ. ನೀವ ಇಡ್ರಿ."

ಅಕ್ಕೋರು ಮಾಸ್ತರನ ಕಡೆ ನೋಡಿದಳು. ಮಾಸ್ತರ ತಡ ಮಾಡದೆ "ರನ್ನ ಅಂತ ಬರಕೋ" ಅಂದ. ಹುಡುಗ ಎರಡು ಸಲ ಬಾಯಲ್ಲಿ ಹೇಳಿ ನೋಡಿದ, ಒಪ್ಪಿಗೆಯಾಯಿತು. ಅಕ್ಕೋರು ಬರೆದುಕೊಂಡು, "ಮುಂದಿನವ್ರು ಬರ್ರಿ" ಅಂದಳು.